ಜನರೇಟರ್ ಶೆಡ್ಡಿನಲ್ಲಿ ಕೌಸರ್‌ಳ ಹಾಜರಿ

ಕೌಸರ್‌ಳ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಎರಡು ಮಾತುಗಳು ಓಡಾಡುತ್ತಿವೆ. ಆಕೆ ತನ್ನ ಪರೀಕ್ಷೆಯನ್ನು ಬೇರೊಬ್ಬ ಗಂಡಸಿನಿಂದ ಬರೆಸಿದಳು ಎಂಬುದು ಒಂದು. ವಿಶ್ವವಿದ್ಯಾಲಯ ಆಕೆಯನ್ನು ಹೊರಗೆ ಹಾಕಿತು ಎಂಬುದು ಇನ್ನೊಂದು. ಎರಡೂ ಸುಳ್ಳು. ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಅಮಾರಾ ಊರಿನ ಸೇತುವೆಯ ಬಳಿ ಟೈಗ್ರಿಸ್ ನದಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದಿಡುವುದೇ ನನ್ನ ಕೆಲಸವಾಗಿತ್ತು. ನೀರು ಅಳತೆಪಟ್ಟಿಯ ಮೇಲೆ ಎಲ್ಲಿದೆಯೋ ಅಲ್ಲಿಯೇ ಗುರುತು ಹಾಕಬೇಕು; ಮೇಲಧಿಕಾರಿಗೆ ಎಲ್ಲಿದ್ದರೆ ಹಿತವೋ ಅಲ್ಲಿ ಅಲ್ಲ. ಆ ಅಭ್ಯಾಸ ಪಿಂಚಣಿಯ ಜೊತೆಗೆ ಮನೆಗೆ ಬಂದಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಚಹಾದಂಗಡಿಯಲ್ಲಿ ಕೂತು ಬೇರೆ ಹೇಳುವವರು ಇನ್ನು ಮುಂದೆ ಇದನ್ನು ಓದಿ ಹೇಳಲಿ.

ಕೌಸರ್ ನಮ್ಮ ಎದುರುಮನೆಯವಳು. ಗಂಡ ರಾದಿ ಪಿಕಪ್ ಓಡಿಸುತ್ತಾನೆ, ಬಾಯಿ ಸ್ವಲ್ಪ ಜಾಸ್ತಿ. ಅತ್ತೆಗೆ ಕಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ, ಹಾಗಾಗಿ ಈಗಲೇ ಹೇಳಿರುತ್ತೇನೆ. ನದಿಯಂಚಿನ ಪ್ರಾಥಮಿಕ ಶಾಲೆಯಲ್ಲಿ ಕೌಸರ್ ಒಂದನೇ ತರಗತಿಗೆ ಪಾಠ ಹೇಳುತ್ತಾಳೆ. ನನ್ನ ಮೊಮ್ಮಗಳು ಅಕ್ಷರ ಕಲಿತದ್ದು ಅವಳ ಬಳಿಯೇ. ವರ್ಷಗಟ್ಟಲೆ ಆಕೆ ಹಂಗಾಮಿಯಾಗಿಯೇ ಉಳಿದಳು, ಏಕೆಂದರೆ ಆಕೆಯ ಕೈಯಲ್ಲಿ ಇದ್ದದ್ದು ಶಿಕ್ಷಕರ ತರಬೇತಿಯ ಡಿಪ್ಲೊಮಾ ಮಾತ್ರ. ಕಾಯಂ ಆಗಲು ಪದವಿ ಬೇಕು. ಮನೆ, ಮಕ್ಕಳು, ಅತ್ತೆಯನ್ನು ಬಿಟ್ಟು ಬಸ್ರಾಕ್ಕೆ ಹೋಗಿ ಓದುವ ಸ್ಥಿತಿ ಇರಲಿಲ್ಲ. ಆನ್‌ಲೈನಿನಲ್ಲಿ ಪದವಿ ಕೊಡುವ ಒಂದು ವಿಶ್ವವಿದ್ಯಾಲಯಕ್ಕೆ ಸೇರಿಕೊಂಡಳು. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. "ನಿಮ್ಮ ಮನೆಯೇ ನಿಮ್ಮ ವಿಶ್ವವಿದ್ಯಾಲಯ" ಎಂಬುದು ಅದರ ಜಾಹೀರಾತು. ನಮ್ಮ ಮನೆಗಳಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಆ ಜಾಹೀರಾತು ಬರೆದವನು ಯಾರನ್ನೂ ಕೇಳಿರಲಿಲ್ಲ.

ಕೊನೆಯ ವರ್ಷಕ್ಕೆ ಬಂದಾಗ ಶಾಲೆಯ ಮುಖ್ಯೋಪಾಧ್ಯಾಯಿನಿ ಆಕೆಯನ್ನು ಕರೆದು ಹೇಳಿದ್ದು ಇಷ್ಟು: "ನೋಡು ಕೌಸರ್, ಈ ಬೇಸಿಗೆಗೆ ನಮಗೆ ಒಂದು ಕಾಯಂ ಜಾಗ ಮಂಜೂರಾಗಿದೆ. ಪಟ್ಟಿ ಮುಚ್ಚೋದ್ರೊಳಗೆ ಪದವಿ ತಂದ್ಕೊಟ್ರೆ ನಿನ್ನ ಹೆಸರೇ ಕಳಿಸ್ತೀನಿ. ತರಲಿಲ್ಲ ಅಂದ್ರೆ ಶಿಕ್ಷಣ ಕಚೇರಿಯವರು ಯಾರನ್ನ ಕಳಿಸ್ತಾರೋ ಅವರು. ಆಮೇಲೆ ನನ್ನ ಮೇಲೆ ಮುನಿಸ್ಕೋಬೇಡ."

ಆ ವರ್ಷದ ವಿಷಯಗಳಲ್ಲೊಂದು "ವಿದ್ಯಾರ್ಥಿಯನ್ನು ಪಾಠದಲ್ಲಿ ತೊಡಗಿಸುವ ವಿಧಾನಗಳು". ಕಲಿಸುವವರು ಡಾಕ್ಟರ್ ಅಸೀರ್, ಬಾಗ್ದಾದಿನಲ್ಲಿರುವ ಮೃದು ಮಾತಿನ ಮನುಷ್ಯ. ಆಕೆ ಎಡವಿದ್ದು ಈ ವಿಷಯದಲ್ಲಿಯೇ ಎಂಬುದನ್ನು ನೆನೆದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತದೆ.

ಆ ವಿಶ್ವವಿದ್ಯಾಲಯದ ಪದ್ಧತಿ ಹೀಗಿದೆ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ, ಗುರುತಿನ ಚೀಟಿ ತೋರಿಸಿ, ಎಲ್ಲರೆದುರು ಕೂತು ಬರೆಯಬೇಕು. ಕೌಸರ್ ಹಾಗೆಯೇ ಬರೆದಳು. ಪರೀಕ್ಷೆಯನ್ನು ಬೇರೆಯವರಿಂದ ಬರೆಸಿದಳು ಎನ್ನುವವರು ಇದನ್ನು ಗಮನಿಸಬೇಕು. ಆದರೆ ಪರೀಕ್ಷೆಯ ಅಂಕವೊಂದೇ ಸಾಲದು. "ಪಾಲ್ಗೊಳ್ಳುವಿಕೆ" ಎಂಬ ಇನ್ನೊಂದು ಅಂಕವಿದೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಇಡೀ ವಿಷಯ ಬಿದ್ದುಹೋಗುತ್ತದೆ. ಇಳಿಹೊತ್ತಿನ ಅಸರ್ ನಮಾಜಿನ ನಂತರ ನೇರ ತರಗತಿ ನಡೆಯುವಾಗ ವಿದ್ಯಾರ್ಥಿಯ ಸಂಪರ್ಕ ಕಡಿದುಹೋಗಬಾರದು. ಮಧ್ಯೆ ಮಧ್ಯೆ ಪರದೆಯ ಮೇಲೆ "ನೀವು ಇದ್ದೀರಾ?" ಎಂದು ಒಂದು ಕಿಟಕಿ ತೆರೆದುಕೊಳ್ಳುತ್ತದೆ, ಅದು ಮುಚ್ಚುವುದರೊಳಗೆ ಬೆರಳು ಒತ್ತಬೇಕು. ಚಾಟಿನಲ್ಲಿ ಏನಾದರೂ ಬರೆಯುತ್ತಿರಬೇಕು. ಎಲ್ಲವೂ ಸರಿಯಿದ್ದರೆ ಹೆಸರಿನ ಪಕ್ಕದ ಪಟ್ಟಿ ಹಸಿರಾಗಿರುತ್ತದೆ, ಇಲ್ಲವಾದರೆ ಕೆಂಪಾಗುತ್ತದೆ. ಒಂದು ಖಾತೆ ಒಂದು ಸಮಯಕ್ಕೆ ಒಂದೇ ಮೊಬೈಲಿನಲ್ಲಿ ತೆರೆಯುತ್ತದೆ.

ಇನ್ನು ನಮ್ಮ ಬೀದಿಯ ಪದ್ಧತಿ. ಸರ್ಕಾರಿ ಕರೆಂಟು ಹೋದರೆ ಮುಹಲ್ಲಾದ ಜನರೇಟರಿನಿಂದ ಮನೆಮನೆಗೆ ತಂತಿ ಎಳೆದ ಕರೆಂಟು ಬರುತ್ತದೆ. ಸರ್ಕಾರಿಯದು ಬಂದರೆ ಅದು ಹೋಗುತ್ತದೆ. ಈ ಹೋಗುವ, ಬರುವ ನಡುವೆ ಮನೆಯ ಇಂಟರ್ನೆಟ್ ಸತ್ತು, ಮತ್ತೆ ಜೀವ ಹಿಡಿಯುವಷ್ಟರಲ್ಲಿ ಪರದೆಯ ಕಿಟಕಿ ತೆರೆದು ಮುಚ್ಚಿಯಾಗಿರುತ್ತದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಕೌಸರ್ ಒಂದು ಮಧ್ಯಾಹ್ನ ನಮ್ಮ ಮನೆಯ ಅಂಗಳದಲ್ಲಿ, ತೋಟದಲ್ಲಿ, ಕೊನೆಗೆ ನನ್ನ ಹೆಂಡತಿಯ ತಂದೂರಿನ ಪಕ್ಕದಲ್ಲಿಯೂ ಮೊಬೈಲ್ ಎತ್ತಿ ಹಿಡಿದು ನಿಂತದ್ದನ್ನು ನಾನೇ ಕಂಡಿದ್ದೇನೆ.

"ಹಾಜಿ, ನಾನು ಪಾಠ ಪೂರ್ತಿ ಕೇಳ್ತೀನಿ. ರೆಕಾರ್ಡಿಂಗ್ ಇಳಿಸ್ಕೊಂಡು ಎರಡೆರಡು ಸಲ ಕೇಳ್ತೀನಿ. ಅದಕ್ಕೆ ಯಾಕೆ ಗೊತ್ತಾಗಲ್ಲ?" ಎಂದು ಕೇಳಿದಳು.

"ರೆಕಾರ್ಡಿಂಗ್ ಕೇಳಿದ್ದಕ್ಕೆ ಅಂಕ ಇಲ್ವೇನಮ್ಮ?"

"ಇಲ್ಲ. ಆ ಹೊತ್ತಿಗೆ ಅಲ್ಲಿ ಇರ್ಬೇಕು. ಕೇಳಿಸ್ಕೊಳ್ಳೋದು ನಮ್ಮಿಷ್ಟ."

ಅದೇ ವಾರ ಆಕೆ ಚರ್ಚೆಯ ಅಂಕಣದಲ್ಲಿ ಒಂದು ದೀರ್ಘ ಬರಹ ಹಾಕಿದ್ದಳು. ತನ್ನ ತರಗತಿಯ ಒಬ್ಬ ಹುಡುಗನ ಬಗ್ಗೆ. ಅವನು ಪಾಠದ ಉದ್ದಕ್ಕೂ ಕಿಟಕಿಯಾಚೆ ನದಿಯ ದೋಣಿಗಳನ್ನೇ ನೋಡುತ್ತಾನೆ. ಎಬ್ಬಿಸಿ ಕೇಳಿದರೆ ಹೇಳಿದ್ದೆಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣರೆಪ್ಪೆ ಬಡಿಯದೆ ಟೀಚರನ್ನೇ ನೋಡುತ್ತಾಳೆ; ಅವಳ ಮನಸ್ಸು ಎಲ್ಲಿದೆಯೋ ದೇವರಿಗೇ ಗೊತ್ತು. ಹಾಗಿರುವಾಗ ಮಗು ಪಾಠದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ಅಳೆಯಬಹುದೆ ಎಂದು ಕೇಳಿದ್ದಳು. ನನಗೆ ಓದಿ ತೋರಿಸಿದಳು. ಎಷ್ಟೋ ಅಧಿಕಾರಿಗಳ ವರದಿ ಓದಿದವನು ನಾನು. ಇಷ್ಟು ನೆಟ್ಟಗೆ ಬರೆದದ್ದನ್ನು ಅಪರೂಪಕ್ಕೆ ಕಂಡಿದ್ದೇನೆ. ಆ ಬರಹಕ್ಕೆ ಪದ್ಧತಿ ಕೊಟ್ಟದ್ದು "ಒಂದು ಪ್ರತಿಕ್ರಿಯೆ" ಎಂಬ ಲೆಕ್ಕ. ಅದರ ಕೆಳಗೆ ಇನ್ನೊಬ್ಬ ವಿದ್ಯಾರ್ಥಿ ಹೆಬ್ಬೆರಳಿನ ಚಿತ್ರ ಒತ್ತಿದ್ದ. ಅದೂ ಒಂದು ಪ್ರತಿಕ್ರಿಯೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಆಕೆಯ ಪಟ್ಟಿ ಕೆಂಪಾಗಿತ್ತು. ಆಗ ಉಪಾಯ ಹೇಳಿದವನು ರಾದಿ.

ನಮ್ಮ ಬೀದಿಯ ಇಂಟರ್ನೆಟ್ಟಿನ ಪೆಟ್ಟಿಗೆಯನ್ನು ಅದರ ಮಾಲೀಕ ಜನರೇಟರ್ ಶೆಡ್ಡಿನಲ್ಲಿಯೇ ಕೂಡಿಸಿದ್ದಾನೆ, ಏಕೆಂದರೆ ಬೀದಿಯಲ್ಲಿ ಕರೆಂಟು ಎಂದಿಗೂ ಹೋಗದ ಜಾಗ ಅದೊಂದೇ. ಶೆಡ್ಡನ್ನು ನೋಡಿಕೊಳ್ಳುವವನು ಚಾಸಿಬ್. ಐವತ್ತು ದಾಟಿದ ಮನುಷ್ಯ, ಡೀಸೆಲ್ ವಾಸನೆ ಅವನಿಗಿಂತ ಮೊದಲು ಬಂದು ಸಲಾಂ ಹೇಳುತ್ತದೆ. ಜನರೇಟರಿನ ಆರ್ಭಟದಲ್ಲೇ ಬಾಳಿದವನಾದ್ದರಿಂದ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾನೆ. ನಮಾಜು ತಪ್ಪಿಸುವುದಿಲ್ಲ. ಬೀದಿಯಲ್ಲಿ ಹೋಗುವ ಮಗುವಿಗೂ, ಶತ್ರುವಿಗೂ ಸಲಾಂ ಹೇಳದೆ ಬಿಡುವುದಿಲ್ಲ. ಯಾರಾದರೂ ಉತ್ತರ ಕೊಡದೆ ಹೋದರೆ ಅವರ ಹಿಂದೆಯೇ ಹೋಗಿ ಇನ್ನೊಮ್ಮೆ ಹೇಳುತ್ತಾನೆ.

"ಮೊಬೈಲ್ ಚಾಸಿಬ್ ಹತ್ರ ಇಡು. ಕಿಟಕಿ ಬಂದಾಗ ಒತ್ತಿಬಿಡ್ಲಿ. ನೀನು ಆಮೇಲೆ ರೆಕಾರ್ಡಿಂಗ್ ಕೇಳ್ಕೋ," ಎಂದ ರಾದಿ.

"ಅದು ಮೋಸ ಅಲ್ವಾ?" ಎಂದಳು ಕೌಸರ್.

"ಮೋಸ ಅಂತೆ! ನಿನ್ನ ಕ್ಲಾಸಲ್ಲಿ ಎಲ್ರೂ ಮೊಬೈಲ್ ಹಚ್ಚಿಟ್ಟು, ಕಿಟಕಿ ಬಂದಾಗೊಮ್ಮೆ ಒತ್ತಿ ಮತ್ತೆ ಮಲಗ್ತಾರೆ. ನಿನ್ನ ಮೊಬೈಲು ಕೆಲಸಕ್ಕಾದ್ರೂ ಹೋಗುತ್ತೆ."

ಆಕೆ ಆ ಮಾತಿಗೆ ನಗಲಿಲ್ಲ, ಒಪ್ಪಲೂ ಇಲ್ಲ. ಮುಂದಿನ ತರಗತಿಯಲ್ಲಿ ಮತ್ತೆ ಸಂಪರ್ಕ ಕಡಿಯಿತು. ಅದರ ಮುಂದಿನದರಲ್ಲಿಯೂ. ಆಮೇಲೆ ಒಪ್ಪಿದಳು. ಅದು ನಿಯಮಕ್ಕೆ ವಿರುದ್ಧವಾದ ಕೆಲಸ. ನಾನು ಅದನ್ನು ಮುಚ್ಚಿಡುವುದಿಲ್ಲ, ಸಮರ್ಥಿಸುವುದೂ ಇಲ್ಲ. ಆಕೆಯೇ ಹೋಗಿ ಶೆಡ್ಡಿನಲ್ಲಿ ಕೂರಬಹುದಿತ್ತಲ್ಲ ಎಂದು ಕೇಳುವವರು ಒಮ್ಮೆ ಆ ಕಡೆ ಬಂದು ನೋಡಲಿ. ತಗಡಿನ ಗೋಡೆ, ಎಣ್ಣೆ ಸುರಿದ ನೆಲ, ಪಕ್ಕದವನ ಮಾತೂ ಕೇಳಿಸದ ಆರ್ಭಟ, ಬಾಗಿಲ ಮುಂದೆ ಸಿಗರೇಟು ಸೇದುವ ಗಂಡಸರ ಗುಂಪು. ಶಾಲೆಯ ಟೀಚರ್ ದಿನವೂ ಅಲ್ಲಿ ಹೋಗಿ ಕೂತರೆ ಮಕ್ಕಳ ತಾಯಂದಿರು ಏನೆನ್ನುತ್ತಾರೆ?

ಕೌಸರ್ ಚಾಸಿಬ್‌ಗೆ ಹೇಳಿಕೊಟ್ಟದ್ದನ್ನು ನಾನು ಬಳಿಯಲ್ಲೇ ನಿಂತು ಕೇಳಿದ್ದೇನೆ.

"ಈ ಕಿಟಕಿ ಬಂದ್ರೆ ಇಲ್ಲಿ ಒತ್ತಿ. ಅಷ್ಟೇ. ಈ ಮೈಕಿನ ಗುರುತು ಮಾತ್ರ ಮುಟ್ಟಬೇಡಿ. ಯಾವ ಕಾರಣಕ್ಕೂ ಮುಟ್ಟಬೇಡಿ."

"ನಿಶ್ಚಿಂತೆಯಾಗಿರಿ ಸಿತ್ ಕೌಸರ್. ಈ ದೆವ್ವದ ಮಷೀನನ್ನೇ ಸಾಕಿದ್ದೀನಿ, ಅಂಗೈ ಅಗಲದ್ದು ಯಾವ ಲೆಕ್ಕ?" ಟೀಚರಮ್ಮನನ್ನು ನಮ್ಮಲ್ಲಿ ಸಿತ್ ಎನ್ನುತ್ತೇವೆ.

ಬೆಳಿಗ್ಗೆ ಆಕೆ ಅವನಿಗೆ ಬಿಸಿ ಸಮೂನು ರೊಟ್ಟಿ, ಗೈಮರ್ ಕೆನೆ ಕಳಿಸುತ್ತಿದ್ದಳು. ಅವನು ಮೊಬೈಲನ್ನು ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ, ನಮಾಜಿಗೆ ಮುಖ ಮಾಡುವ ಖಿಬ್ಲಾ ಕಡೆಗೆ ಬೆನ್ನಾಗದ ಹಾಗೆ ಇಡುತ್ತಿದ್ದ. ಪಾಠ ಹೇಳುವವರಿಗೆ ಮರ್ಯಾದೆ ಕೊಡಬೇಕು ಎಂಬುದು ಅವನ ನಂಬಿಕೆ. ಆ ನಂಬಿಕೆಯಿಂದಲೇ ಯಾರೂ ಹೇಳದ ಒಂದು ಕೆಲಸವನ್ನು ಅವನು ಸೇರಿಸಿಕೊಂಡ. ಡಾಕ್ಟರ್ ಅಸೀರ್ ಒಂದು ಮಾತು ಮುಗಿಸಿ ಉಸಿರು ಎಳೆದುಕೊಂಡಾಗಲೆಲ್ಲ ಚಾಟಿನಲ್ಲಿ "ನಿಮ್ಮ ಕೈ ಬಾಳಲಿ ಡಾಕ್ಟರ್" ಎಂದು ಬರೆಯುವುದು. ನಮ್ಮಲ್ಲಿ ಚಹಾ ತಂದುಕೊಟ್ಟವರಿಗೂ ಹಾಗೆಯೇ ಹೇಳುತ್ತೇವೆ. ಅದರ ಜೊತೆಗೆ ಒಂದು ಗುಲಾಬಿ ಹೂವಿನ ಚಿತ್ರ. ಡಾಕ್ಟರ್ ಕೆಮ್ಮಿದ ದಿನ, "ನಿಂಬೆ ಒಣಗಿಸಿದ್ದು ಕುದಿಸಿ ಕುಡೀರಿ" ಎಂದೂ ಬರೆದ.

ಇಡೀ ಚಳಿಗಾಲ ಇದು ನಡೆಯಿತು. ಕೌಸರ್ ಮನೆಯಲ್ಲಿ ಕರೆಂಟು ಬಂದಾಗ ರೆಕಾರ್ಡಿಂಗ್ ಕೇಳಿದಳು, ಓದಿದಳು, ಬರೆದಳು. ಒಂದು ದಿನ ಆಕೆಗೆ ವಿಶ್ವವಿದ್ಯಾಲಯದಿಂದ ಚಿನ್ನದ ಅಂಚಿನ ಚಿತ್ರಪತ್ರವೊಂದು ಬಂತು: "ತಿಂಗಳ ಅತ್ಯಂತ ಸಕ್ರಿಯ ವಿದ್ಯಾರ್ಥಿನಿ". ಹುಡುಗನೂ ಕಿಟಕಿಯೂ ಇದ್ದ ಬರಹಕ್ಕಾಗಿ ಅಲ್ಲ. ಗುಲಾಬಿ ಹೂವುಗಳಿಗಾಗಿ.

ರಾದಿ ಅದನ್ನು ಮೊಬೈಲಿನಲ್ಲಿ ತೋರಿಸಿಕೊಂಡು ಬೀದಿ ಸುತ್ತಿದ. "ಚಾಸಿಬ್, ನಿನಗೆ ಪದವಿ ಬರೋ ಹಾಗಿದೆ ಕಣೋ. ಡಾಕ್ಟರ್ ಚಾಸಿಬ್, ಡೀಸೆಲ್ ವಿಭಾಗ!"

"ನಗಬೇಡ. ನಿನ್ನ ಹೆಂಡ್ತಿ ಮಾನ ಕಾಪಾಡ್ತಾ ಇದ್ದೀನಿ," ಎಂದ ಚಾಸಿಬ್.

ಕೌಸರ್ ಆ ಚಿತ್ರಪತ್ರವನ್ನು ನನಗೆ ತೋರಿಸಲಿಲ್ಲ. ಕೇಳಿದಾಗ, "ಅದನ್ನ ಅಳಿಸಿಬಿಟ್ಟೆ ಹಾಜಿ," ಎಂದಳು.

ವಸಂತ ಮುಗಿಯುತ್ತ ಬಂದಾಗ ಅದು ನಡೆಯಿತು. ತರಗತಿ ನಡೆದದ್ದು ರೆಕಾರ್ಡ್ ಆಗಿದೆ. ನಾನು ಅದನ್ನು ಕೇಳಿಯೇ ಬರೆಯುತ್ತಿದ್ದೇನೆ. ಡಾಕ್ಟರ್ ಅಸೀರ್ ಬಂದು "ಅಸ್ಸಲಾಮು ಅಲೈಕುಂ" ಎಂದರು. ಮೌನ. ಪರದೆಯ ಮೇಲೆ ಹೆಸರುಗಳ ಸಾಲು, ಪ್ರತಿ ಹೆಸರಿನ ಪಕ್ಕವೂ ಹಸಿರು ಪಟ್ಟಿ. ಮತ್ತೊಮ್ಮೆ ಹೇಳಿದರು. ಮೌನ. ಆಮೇಲೆ ಅವರ ಧ್ವನಿ ಬದಲಾಯಿತು.

"ಮಕ್ಕಳೇ, ಮೂರನೇ ಸಲ ಹೇಳ್ತಾ ಇದ್ದೀನಿ, ಅಸ್ಸಲಾಮು ಅಲೈಕುಂ. ವರ್ಷದಿಂದ ಈ ಗೋಡೆಗೆ ಮಾತಾಡ್ತಾ ಇದ್ದೀನಿ. ಎಲ್ರೂ ಹಸಿರಾಗಿದ್ದೀರಿ. ಇಲ್ಲಿ ಜೀವ ಇರೋರು ಯಾರಾದ್ರೂ ಇದ್ದೀರಾ? ಸಲಾಂ ಹೇಳೋದು ನನ್ನಿಷ್ಟ, ಆದ್ರೆ ಉತ್ತರ ಕೊಡೋದು ನಿಮ್ಮ ಮೇಲಿನ ಋಣ. ಅದು ಗೊತ್ತಿರ್ಲಿ."

ಅಷ್ಟು ದಿನ ಚಾಸಿಬ್ ಆ ಸಲಾಮಿಗೆ ಮೈಕ್ ಮುಟ್ಟದೆ, ತನ್ನಷ್ಟಕ್ಕೆ ತಾನು ಶೆಡ್ಡಿನಲ್ಲಿ ನಿಂತು ಉತ್ತರ ಕೊಡುತ್ತ ಬಂದಿದ್ದ. ಅಷ್ಟು ಸಾಕು ಎಂದುಕೊಂಡಿದ್ದ. ಒಬ್ಬ ಗುರು ಹೀಗೆ ಬೇಡುವಾಗ ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗಲಿಲ್ಲ. ಅವನು ಮೈಕ್ ಒತ್ತಿದ.

ರೆಕಾರ್ಡಿಂಗಿನಲ್ಲಿ ಮೊದಲು ಕೇಳಿಸುವುದು ಜನರೇಟರಿನ ಆರ್ಭಟ. ಅದರೊಳಗಿಂದ ಚಾಸಿಬ್ ಕೂಗುತ್ತಾನೆ: "ವ ಅಲೈಕುಂ ಅಸ್ಸಲಾಂ ವ ರಹ್ಮತುಲ್ಲಾಹಿ ವ ಬರಕಾತುಹು! ಇದ್ದೀವಿ ಡಾಕ್ಟರ್! ಬೇಜಾರು ಮಾಡ್ಕೋಬೇಡಿ!"

ಡಾಕ್ಟರ್ ಅಸೀರ್ ಬೆಚ್ಚಿಬಿದ್ದರು. "ಇದು... ಕೌಸರ್ ಅನ್ನೋ ಹೆಸರಿಂದ ಬರ್ತಾ ಇದೆ. ಯಾರು ಮಾತಾಡೋದು?"

"ನಾನು ಚಾಸಿಬ್, ಡಾಕ್ಟರ್. ಜನರೇಟರಿನವನು. ಸಿತ್ ಕೌಸರ್ ಮನೇಲಿದ್ದಾರೆ, ಅಡಿಗೆ ಮಾಡ್ತಿರ್ಬೇಕು. ಓಡಿಹೋಗಿ ಕರ್ಕೊಂಡು ಬರ್ಲಾ?"

ಸತ್ತಂತಿದ್ದ ತರಗತಿ ಆಗ ಎದ್ದು ಕೂತಿತು. ಚಾಟಿನಲ್ಲಿ ನಗುವ ಮುಖಗಳು ಸುರಿದವು. ಪ್ರತಿಯೊಂದು ನಗುವೂ ಒಂದೊಂದು ಪ್ರತಿಕ್ರಿಯೆಯಾಗಿ ಲೆಕ್ಕಕ್ಕೆ ಸೇರಿತು. ಇದನ್ನು ಓದುವವರು ಒಂದು ಸಂಗತಿಯನ್ನು ಮನಸ್ಸಿಟ್ಟು ಯೋಚಿಸಬೇಕೆಂದು ನನ್ನ ವಿನಂತಿ. ಗುರುವಿನ ಸಲಾಮಿಗೆ ಆ ತರಗತಿಯಲ್ಲಿ ಉತ್ತರ ಕೊಟ್ಟವನು ಒಬ್ಬನೇ, ಅವನು ವಿದ್ಯಾರ್ಥಿಯಲ್ಲ. ಶಿಕ್ಷೆಯಾದದ್ದು ಅವನು ಯಾರ ಹೆಸರಿನಲ್ಲಿ ಉತ್ತರಿಸಿದನೋ ಆಕೆಗೆ. ಬಾಯಿ ತೆರೆಯದೆ ಮಲಗಿದ್ದ ಹಸಿರು ಹೆಸರುಗಳೆಲ್ಲ ಪಾಲ್ಗೊಳ್ಳುವಿಕೆಯಲ್ಲಿ ಉತ್ತಮವಾಗಿ ತೇರ್ಗಡೆಯಾದವು.

ಸಂಜೆ ಚಾಸಿಬ್ ಮೊಬೈಲ್ ಹಿಂತಿರುಗಿಸಲು ಬಂದಾಗ ಬಾಗಿಲ ಹೊರಗೇ ನಿಂತಿದ್ದ. ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಸಿತ್, ಅವರು ಮೂರನೇ ಸಲ ಹೇಳಿದ್ರು. ನಾನೇನು ಮಾಡ್ಲಿ?"

ಕೌಸರ್ ಅವನನ್ನು ಬಯ್ಯಲಿಲ್ಲ. "ನೀವು ಕೊಟ್ಟ ಉತ್ತರ ಸರಿನೇ," ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಏನಾಯಿತು ಎಂದು ಕೇಳುತ್ತಲೇ ಇದ್ದಳು. ಕಿವಿ ಕೇಳದವಳಿಗೆ ಕೂಗಿ ಹೇಳಿದರೆ ಬೀದಿಗೆಲ್ಲ ಹೇಳಿದಂತಾಗುತ್ತಿತ್ತು, ಆದ್ದರಿಂದ ಯಾರೂ ಹೇಳಲಿಲ್ಲ.

ಪರೀಕ್ಷೆ ಬಂತು, ಕೌಸರ್ ಬರೆದಳು, ಚೆನ್ನಾಗಿಯೇ ಅಂಕ ಬಂತು. ಅದರ ಹಿಂದೆಯೇ ಶಿಸ್ತು ಸಮಿತಿಯ ಸಂದೇಶ: ಹೊರಗಿನ ವ್ಯಕ್ತಿ ಹಾಜರಿದ್ದ ಕಾರಣ ಪಾಲ್ಗೊಳ್ಳುವಿಕೆಯ ಅಂಕ ರದ್ದು, ವಿಷಯವನ್ನು ಮುಂದಿನ ವರ್ಷ ಪುನಃ ಓದಬೇಕು, ಈ ಸಂದೇಶಕ್ಕೆ ಉತ್ತರಿಸಬೇಡಿ. ಕೊನೆಯ ವಾಕ್ಯವನ್ನು ನಾನು ಮೂಲದಲ್ಲಿದ್ದಂತೆಯೇ ಬರೆದಿದ್ದೇನೆ. ಹೊರಗೆ ಹಾಕಲಿಲ್ಲ. ಒಂದು ವರ್ಷ ಹಿಂದಕ್ಕೆ ತಳ್ಳಿದರು. ಆದರೆ ಶಾಲೆಯ ಪಟ್ಟಿ ಆ ಬೇಸಿಗೆಗೇ ಮುಚ್ಚುವುದರಲ್ಲಿತ್ತು.

ನಮ್ಮ ಕಡೆ ಯಾರಿಗಾದರೂ ಇಂಥ ಕಷ್ಟ ಬಂದರೆ ಹಿರಿಯರು ಸೇರಿ ಎದುರು ಪಕ್ಷದ ಮನೆಗೆ ಹೋಗುತ್ತೇವೆ. ಆ ಮನೆಯವರು ಕಾಫಿ ಕೊಡುತ್ತಾರೆ. ನಮ್ಮಲ್ಲಿ ಮುಖ್ಯನಾದವನು ಬಟ್ಟಲನ್ನು ಮುಟ್ಟದೆ ಮುಂದಿಟ್ಟು, "ನಮ್ಮ ಕೋರಿಕೆ ಈಡೇರುವವರೆಗೆ ನಿಮ್ಮ ಕಾಫಿ ಕುಡಿಯುವುದಿಲ್ಲ" ಎನ್ನುತ್ತಾನೆ. ಮನೆಯ ಯಜಮಾನನಿಗೆ ಅದು ಮರ್ಯಾದೆಯ ಪ್ರಶ್ನೆ. ಎಂಥ ಕಲ್ಲು ಮನಸ್ಸಿನವನೂ ಕೊನೆಗೆ "ಕುಡಿಯಿರಿ, ಆಯಿತು" ಎನ್ನುತ್ತಾನೆ. ಭೂಮಿಯ ಜಗಳ, ಮದುವೆಯ ಜಗಳ, ರಕ್ತದ ಜಗಳಗಳೂ ಹಾಗೆ ತಣ್ಣಗಾದದ್ದನ್ನು ನಾನು ಕಂಡಿದ್ದೇನೆ.

ಹಾಗಾಗಿ ನಾವು ಬಾಗ್ದಾದಿಗೆ ಹೊರಟೆವು. ಮಾತಾಡಲು ಸಯ್ಯಿದ್ ನಈಮ್ ಬಂದರು. ಎಲ್ಲರೂ ಗೌರವಿಸುವ ಮುದುಕರು, ತಲೆಗೆ ಕಪ್ಪು ರುಮಾಲು, ಎಂಥ ಮಾತನ್ನೂ ಅವಸರವಿಲ್ಲದೆ ಆಡುವವರು. ನಾನು ಸಂಗತಿಗಳನ್ನು ಹೇಳಬೇಕಾದವನು. ರಾದಿ ಗಾಡಿ ಓಡಿಸಿದ. ಚಾಸಿಬ್ ತಾನೂ ಬರುತ್ತೇನೆ ಎಂದ. "ನೀನು ಬಾಯಿ ತೆರೆದದ್ದು ಸಾಕು" ಎಂದು ರಾದಿ ಅವನನ್ನು ಇಳಿಸಿದ.

ವಿಶ್ವವಿದ್ಯಾಲಯ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ಒಬ್ಬ ಹುಡುಗಿ ಮೇಜಿನ ಹಿಂದೆ ಕೂತಿದ್ದಳು. ಮುಗಿಯಿತು, ಅಷ್ಟೇ. ಕುಲಪತಿಗಳಿಲ್ಲ, ಪ್ರಾಧ್ಯಾಪಕರಿಲ್ಲ, ಒಬ್ಬ ಗುಮಾಸ್ತನೂ ಇಲ್ಲ. ಗೋಡೆಯ ಮೇಲೆ ನಗುತ್ತಿರುವ ವಿದ್ಯಾರ್ಥಿಗಳ ದೊಡ್ಡ ಚಿತ್ರ. ಅವರು ಯಾರೂ ನಮ್ಮ ದೇಶದವರಂತೆ ಕಾಣಲಿಲ್ಲ.

ಸಯ್ಯಿದ್ ಸಲಾಂ ಹೇಳಿ, ಕೂತು, ಬಂದ ಕಾರಣವನ್ನು ಕ್ರಮವಾಗಿ ಹೇಳಿದರು. ನಾನು ದಿನಾಂಕಗಳನ್ನು ಸೇರಿಸಿದೆ. ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು; ಆಕೆಯ ಮೇಲೆ ನನಗೆ ಯಾವ ದೂರೂ ಇಲ್ಲ.

"ಸಯ್ಯಿದ್, ದೂರನ್ನ ಆನ್‌ಲೈನಿನಲ್ಲೇ ಹಾಕ್ಬೇಕು," ಎಂದಳು.

"ಹಾಕಿದ್ದೀವಮ್ಮ. ಉತ್ತರಿಸಬೇಡಿ ಅಂತ ಉತ್ತರ ಬಂತು. ಸಮಿತಿಯವರು ಎಲ್ಲಿದ್ದಾರೆ? ಅವರ ಮನೆ ಎಲ್ಲಿ? ನಾವೇ ಹೋಗ್ತೀವಿ."

"ಒಬ್ರು ಅರ್ಬೀಲಲ್ಲಿದ್ದಾರೆ, ಒಬ್ರು ಅಮ್ಮಾನಲ್ಲಿ. ಇನ್ನೊಬ್ರು ಎಲ್ಲಿದ್ದಾರೋ ನನಗೂ ಗೊತ್ತಿಲ್ಲ. ನಾನು ಯಾರನ್ನೂ ನೋಡಿಲ್ಲ ಸಯ್ಯಿದ್. ದೇವರಾಣೆ."

ಕೊನೆಗೆ ಆ ಹುಡುಗಿಗೆ ಮರುಕ ಬಂದಿರಬೇಕು. ಎದ್ದು ಹೋಗಿ ಮೂಲೆಯಲ್ಲಿದ್ದ ತಣ್ಣೀರಿನ ಯಂತ್ರದಿಂದ ಕಾಗದದ ಲೋಟಗಳಲ್ಲಿ ನೀರು ತಂದು ಇಟ್ಟಳು. ಸಯ್ಯಿದ್ ನಈಮ್ ಆ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಬಟ್ಟಲನ್ನು ಇಡುವಷ್ಟೇ ಗಂಭೀರವಾಗಿ ಮೇಜಿನ ಮೇಲೆ ತಮ್ಮ ಮುಂದೆ ಇಟ್ಟರು.

"ಮಗಳೇ, ನಾವು ಬಂದ ಕೆಲಸ ಆಗೋವರೆಗೂ ಈ ನೀರು ಕುಡಿಯಲ್ಲ."

ಹುಡುಗಿಯ ಮುಖ ಕೆಂಪಾಯಿತು. ಅದರ ಅರ್ಥ ಆಕೆಗೆ ಚೆನ್ನಾಗಿ ಗೊತ್ತಿತ್ತು; ಆಕೆಯೂ ಯಾರದೋ ಮನೆಯ ಮಗಳಲ್ಲವೆ? "ಕುಡೀರಿ ಸಯ್ಯಿದ್, ನಿಮ್ಮ ಕಾಲಿಗೆ ಬೀಳ್ತೀನಿ. ಬಿಸಿಲಲ್ಲಿ ಬಂದಿದ್ದೀರಿ. ನನ್ನ ಕೈಲಿ ಇದ್ದಿದ್ರೆ ಆಗ್ಲೇ ಆಯ್ತು ಅಂತಿದ್ದೆ. ಇದು ನನ್ನ ಮನೆ ಅಲ್ಲ."

ಬಹಳ ಹೊತ್ತು ಕೂತೆವು. ಲೋಟ ಮೆತ್ತಗಾಗಿ, ಅಡಿಯಿಂದ ಜಿನುಗಿ, ಮೇಜಿನ ಮೇಲೆ ನೀರು ಹರಿಯಿತು. ಹುಡುಗಿ ಒರೆಸಿದಳು. ಸಯ್ಯಿದ್ ಎದ್ದರು. ಅಷ್ಟು ವಯಸ್ಸಿನ ಆ ಮನುಷ್ಯ ಕೋರಿಕೆ ಈಡೇರದೆ ಎದ್ದುಬಂದದ್ದು ನನಗೆ ತಿಳಿದಂತೆ ಅದೇ ಮೊದಲು. ಕುಡಿಯದೆ ಇಡುವುದಕ್ಕೆ ಎದುರಿಗೊಬ್ಬ ಯಜಮಾನ ಬೇಕು. ಯಜಮಾನನೇ ಇಲ್ಲದ ಮನೆ ಕಟ್ಟಿ, ಅದಕ್ಕೆ ವಿಶ್ವವಿದ್ಯಾಲಯ ಎಂದು ಹೆಸರಿಟ್ಟವರ ಮುಂದೆ ನಾವು ಏನು ಮಾಡಬೇಕು?

ದಾರಿಯಲ್ಲಿ ಕೂತ್ ಊರಿನ ಬಳಿ ಚಹಾಕ್ಕೆ ನಿಲ್ಲಿಸಿದಾಗ ರಾದಿ ಹೇಳಿದ: "ಹಾಜಿ, ನೀರಿನ ಮಷೀನಿಗೆ ಮರ್ಯಾದೆ ಕೇಳೋಕೆ ಹೋದವರು ಈ ಇರಾಕಲ್ಲಿ ನಾವೇ ಮೊದಲಿರ್ಬೇಕು." ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಎರಡು ದಿನಗಳ ನಂತರ ಡಾಕ್ಟರ್ ಅಸೀರ್ ಕೌಸರ್‌ಗೆ ಫೋನು ಮಾಡಿದರು. ಗಂಡನೂ ನಾನೂ ಪಕ್ಕದಲ್ಲಿದ್ದೆವು. ತರಗತಿಯ ಅತ್ಯುತ್ತಮ ಬರಹ ಕಿಟಕಿಯಾಚೆ ನೋಡುವ ಹುಡುಗನ ಬಗ್ಗೆ ಕೌಸರ್ ಬರೆದದ್ದು ಎಂದು ಅವರು ತಮ್ಮ ವರದಿಯಲ್ಲಿ ಬರೆದಿದ್ದರಂತೆ. "ಆದ್ರೆ ವರದಿ ಓದೋ ಜಾಗದಲ್ಲಿ ಯಾರೂ ಇಲ್ಲ ತಾಯಿ. ಅಂಕಿಗಳು ಮಾತ್ರ ಮೇಲಕ್ಕೆ ಹೋಗ್ತವೆ. ನನಗೂ ಹಸಿರು ಪಟ್ಟಿ ಇದೆ, ಗೊತ್ತಾ? ಎಷ್ಟು ಹೊತ್ತು ಪಾಠ ಹೇಳಿದೆ ಅಂತ." ಫೋನು ಇಡುವ ಮೊದಲು, "ಆ ದಿನ ನನಗೆ ಉತ್ತರ ಕೊಟ್ಟೋರಿಗೆ ನನ್ನ ಸಲಾಂ ಹೇಳಿ," ಎಂದರು.

ಶಾಲೆಯ ಪಟ್ಟಿ ಮುಚ್ಚಿತು. ಕಚೇರಿಯವರು ಕಳಿಸಿದ ಹೊಸ ಟೀಚರಿಗೆ ಒಂದನೇ ತರಗತಿ ಸಿಕ್ಕಿತು. ಪಾಪ, ಒಳ್ಳೆಯ ಹುಡುಗಿ. ಕೌಸರ್ ಈಗ ಯಾರು ರಜೆ ಹಾಕುತ್ತಾರೋ ಅವರ ತರಗತಿಗೆ ಹೋಗುತ್ತಾಳೆ. ಮುಂದಿನ ಪಟ್ಟಿ ಯಾವಾಗ ಎಂದು ಕೇಳಿದರೆ ಮುಖ್ಯೋಪಾಧ್ಯಾಯಿನಿ ಆಕಾಶ ತೋರಿಸುತ್ತಾಳೆ. ಹಾಗಿದ್ದೂ ಕೌಸರ್ ಅದೇ ವಿಷಯಕ್ಕೆ ಮತ್ತೆ ಹೆಸರು ಹಚ್ಚಿದಳು. "ಪಟ್ಟಿ ಬರೋ ದಿನ ನನ್ನ ಕೈ ಖಾಲಿ ಇರ್ಬಾರ್ದು ಹಾಜಿ," ಎಂದಳು. ಈ ಸಲ ಮೊಬೈಲನ್ನು ಯಾರ ಕೈಗೂ ಕೊಡುವುದಿಲ್ಲ, ತಾನೇ ಹೋಗಿ ಕೂರುತ್ತೇನೆ ಎಂದಳು.

ತಾಯಂದಿರು ಏನಾದರೂ ಅನ್ನಲಿ ಎಂದು ಬಿಡಲಾಗುತ್ತದೆಯೆ? ಅದಕ್ಕೂ ವ್ಯವಸ್ಥೆಯಾಯಿತು. ತರಗತಿಯ ದಿನ ಕೌಸರ್ ಮೈಮುಚ್ಚುವ ಕಪ್ಪು ಅಬಾಯಾ ತೊಟ್ಟು, ಅತ್ತೆಯ ಕೈ ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಾಳೆ. ಕಿವಿ ಕೇಳದ ಮುದುಕಿಗೆ ಜನರೇಟರಿನ ಕಾಟವಿಲ್ಲ. ಆಕೆ ಪೆಟ್ಟಿಗೆಯ ಪಕ್ಕ ಕೂತು ಬಟಾಣಿ ಬಿಡಿಸುತ್ತಾಳೆ. ಸಿಗರೇಟಿನ ಗುಂಪನ್ನು ಚಾಸಿಬ್ ಓಡಿಸಿದ್ದಾನೆ. ಬಾಗಿಲು ತೆರೆದಿಟ್ಟು, ತಾನು ಹೊರಗೆ ಕುರ್ಚಿ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿ ಕೂರುತ್ತಾನೆ.

"ನನ್ನ ಕೆಲಸ ಹೋಯ್ತು ನೋಡಿ ಹಾಜಿ. ಅತ್ಯಂತ ಸಕ್ರಿಯ ಆಗಿದ್ದೋನು ಈಗ ಕಾವಲುಗಾರ," ಎನ್ನುತ್ತಾನೆ.

ಮೊನ್ನೆ ಮೊದಲ ಅರ್ಧವರ್ಷದ ವರದಿ ಬಂತು. ಹಾಜರಿ ಸಂಪೂರ್ಣ, ಪಾಲ್ಗೊಳ್ಳುವಿಕೆ ಅತ್ಯುತ್ತಮ. ನಾನು ಸ್ವತಃ ಶೆಡ್ಡಿಗೆ ಹೋಗಿ ಪರೀಕ್ಷಿಸಿದ್ದೇನೆ, ಆದ್ದರಿಂದ ಇದನ್ನು ಹೊಣೆಯಿಂದ ಬರೆಯುತ್ತೇನೆ: ಅಲ್ಲಿ ಮೊಬೈಲಿನ ಒಂದು ಶಬ್ದವೂ ಕೇಳಿಸುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೂ ಕೇಳಿಸುವುದಿಲ್ಲ. ಆಕೆ ಡಾಕ್ಟರ್ ಅಸೀರರ ಪಾಠವನ್ನು 'ಹಾಜರಿದ್ದು' ಒಂದು ಪದವೂ ಕೇಳಿಲ್ಲ. ಕಲಿಯುವುದು ಮೊದಲಿನಂತೆಯೇ, ಮನೆಗೆ ಬಂದು, ರೆಕಾರ್ಡಿಂಗಿನಿಂದ. ಕೇಳಿ ಕಲಿತಾಗ ಗೈರುಹಾಜರಿ ಎಂದರು. ಕೇಳದೆ ಕೂತಾಗ ಅತ್ಯುತ್ತಮ ಎಂದರು. ನಾನು ನದಿಯ ಮಟ್ಟವನ್ನು ಹೀಗೆ ಬರೆದಿದ್ದರೆ ಈ ಊರು ಎಂದೋ ಮುಳುಗಿಹೋಗುತ್ತಿತ್ತು.

ನಾನು ಹೋದ ದಿನ ಪರದೆಯ ಮೇಲೆ ಡಾಕ್ಟರ್ ಅಸೀರ್ ಬಂದು ಕೂತರು. ಅವರ ತುಟಿಗಳು ಅಲುಗಿದವು. ಏನೂ ಕೇಳಿಸದಿದ್ದರೂ ಏನು ಹೇಳಿದರೆಂದು ನಮಗೆಲ್ಲ ತಿಳಿಯಿತು. ಕೌಸರ್ ಮೈಕ್ ಮುಟ್ಟಲಿಲ್ಲ. ಮುಟ್ಟಿದರೆ ಇಡೀ ತರಗತಿಗೆ ಜನರೇಟರ್ ನುಗ್ಗುತ್ತದೆ. ಬೆನ್ನು ನೆಟ್ಟಗೆ ಮಾಡಿ ಕೂತು, ಬಾಯಿ ತುಂಬ ಸಲಾಮಿಗೆ ಉತ್ತರ ಹೇಳಿದಳು. ಬಾಗಿಲಾಚೆ ಚಾಸಿಬ್ ತಿರುಗಿ ನೋಡಿ ತಾನೂ ಹೇಳಿದ. ಅಷ್ಟರಲ್ಲಿ "ನೀವು ಇದ್ದೀರಾ?" ಎಂದು ಕಿಟಕಿ ತೆರೆದುಕೊಂಡಿತು. ಆಕೆ ಬೆರಳು ಒತ್ತಿದಳು.